ಮುಕ್ಕಾಲು ಸೆಕೆಂಡು

ಘಾರ್ಪುರೆ ಮೇಡಂ ಹೇಳಿದ್ದು ಇಷ್ಟೇ:
ಪರದೆಯ ಮೇಲೆ ರಿಜಿಸ್ಟರು ತೆರೆದುಕೊಳ್ಳಬೇಕು,
ಖರಾ ವಾಟಲಾ ಪಾಹಿಜೆ, ನಿಜದ್ದೇ ಅನ್ನಿಸಬೇಕು.
ನಿಜದ್ದನ್ನು ತೆರೆಯುವಂತಿಲ್ಲ.
ಎಪ್ಪತ್ತೈದು ವರ್ಷದ ಹಿಂದಿನ ದಾಖಲಾತಿ ಪುಸ್ತಕ
ಸದಾಶಿವ ಪೇಠೆಯ ಹೆಣ್ಣುಮಕ್ಕಳ ಶಾಲೆಯ ಕಪಾಟಿನಲ್ಲಿ
ಸುಟ್ಟ ಹಪ್ಪಳದ ಹಾಗೆ, ಮುಟ್ಟಿದರೆ ಮುರಿಯುತ್ತದೆ.
ಫೋನಿನಲ್ಲಿ ತೆಗೆದ ಎರಡು ಫೋಟೊ ಕೊಟ್ಟರು:
ರಟ್ಟಿನದೊಂದು, ಮೊದಲ ಪುಟದ್ದೊಂದು.
ಉಳಿದದ್ದು ನನ್ನ ಕೆಲಸ.

ಅಪ್ಪಾ ಬಳವಂತ ಚೌಕ, ಮೂರನೆಯ ಮಹಡಿ.
ಕೆಳಗೆ ಗೈಡು, ಜರ್ನಲ್ಲು, ಹೋದ ವರ್ಷದ ಪ್ರಶ್ನೆಪತ್ರಿಕೆಗಳ ಕೂಗು.
ಮೇಲೆ ನಾನು, ಒಂದು ಆಯತ ಎಳೆದು
ಕೆಂಪು ಕ್ಯಾಲಿಕೋ ಬಟ್ಟೆಯ ಬಣ್ಣ ತುಂಬಿ
ಎಡಕ್ಕೆ ಕುಗ್ಗು ಅಂದೆ. ಕುಗ್ಗಿತು.
ಇನ್ನೊಂದಕ್ಕೆ, ಅಲ್ಲಿಂದಲೇ ಹಿಗ್ಗು ಅಂದೆ. ಹಿಗ್ಗಿತು.
(ಹಿಗ್ಗದೆ ಕುಗ್ಗದೆ ಬಾಳು ಅನ್ನುತ್ತಿದ್ದಳು ಅಜ್ಜಿ.
ನನ್ನ ಅನ್ನವೆಲ್ಲ ಇವೆರಡರದ್ದೇ.)
ತೆರೆದದ್ದು ಮಾತ್ರ ಪುಸ್ತಕವಲ್ಲ, ಲಿಫ್ಟಿನ ಬಾಗಿಲು.
ಅರ್ಧ ಸೆಕೆಂಡಿಗೆ ಕೆನ್ನೆಗೆ ಹೊಡೆದ ಹಾಗೆ,
ಎರಡಕ್ಕೆ, ಜಡ್ಡಾದವರು ಮಗ್ಗುಲು ಬದಲಿಸಿದ ಹಾಗೆ.

ಮೆಟ್ಟಿಲ ಕೆಳಗೆ ಬೈಂಡಿಂಗ್ ಮಾಡುವ ತವನಪ್ಪ ಕಾಕಾ,
ಜಮಖಂಡಿ ಕಡೆಯವರು,
ಕಿರುಬೆರಳಿನ ಅರ್ಧ ಕಟಿಂಗ್ ಮಷೀನಿಗೆ ಕೊಟ್ಟವರು,
ಚಹಾದ ಲೋಟ ಹಿಡಿದೇ ನೋಡಿದರು.
‘ಇದು ತಟ್ಟಿ ಆತಲ್ಲವ್ವಾ, ಪುಸ್ತಕ ಎಲ್ಲೈತಿ?
ರಟ್ಟ ಒಂದ ಏಳೂದಿಲ್ಲ.
ಒಳಗಿನ ಹಾಳಿನೂ ಬೆನ್ನತ್ತಿ ಸ್ವಲ್ಪ ಏಳತೈತಿ,
ಬೀಗರನ್ನ ಕಳಸಾಕ ಬಾಗಲತನಾ ಬರ್ತಾರಲ್ಲ, ಹಂಗ.
ಮತ್ತ ಹೊಲಿಗಿ ಕಡೆ ಕತ್ತಲ ಇರತೈತಿ.
ಅದನ್ಯಾಕ ಬಿಟ್ಟಿ?’

ಕತ್ತಲು ಹಾಕಿದೆ.
ಕಪ್ಪಿನಿಂದ ಏನೂ ಇಲ್ಲದ ಕಡೆಗೆ ಸವೆಯುವ ಒಂದು ಪಟ್ಟಿ,
ಕಾಡಿಗೆ ತೀಡಿದಷ್ಟು ಅಗಲ.
ಮೂರನೆಯ ಆಯತವೊಂದನ್ನು ಹಿಂದೆ ಇಟ್ಟೆ, ಖಾಲಿ,
ಕೂದಲಷ್ಟು ಎದ್ದು ಮತ್ತೆ ಮಲಗಲಿಕ್ಕೆ.
ವೇಳೆ ಮುಕ್ಕಾಲು ಸೆಕೆಂಡು.

ತಪ್ಪು ಹುಡುಕಲು ಹತ್ತು ಸೆಕೆಂಡಿಗೆ ಎಳೆದಾಗ
ಕಂಡಿತು ಅದು:
ರಟ್ಟು ಪೂರ್ತಿ ಕುಗ್ಗಿದೆ, ಪುಟ ಇನ್ನೂ ಹುಟ್ಟಿಲ್ಲ,
ನಡುವೆ ಬರೇ ಒಂದು ಗೆರೆ ನಿಂತಿದೆ.
ಕಾಕಾ ಅಲ್ಲಿ ಬೆರಳಿಟ್ಟರು, ಅದೇ ಅರ್ಧದ್ದನ್ನು,
ಏನೋ ಹೇಳಲು ಹೋಗಿ ಚಹಾ ಕುಡಿದರು.
ಹೋದ ಮೇಲೆ ಪರದೆಯ ಮೇಲೆ ಗಂಜಿಯ ಕಲೆ, ಒಣಗಿದ್ದು.
ಒರೆಸಬೇಕು ಅಂದುಕೊಂಡೇ ಫೈಲು ಕಳಿಸಿದೆ.

ಶಾಲೆಯ ಅಂಗಳ, ಪೆಂಡಾಲು, ಮಂತ್ರಿ ಬರಲಿಲ್ಲ.
ದೀಪ ಆರಿಸಿದರು. ನಾನು ಬಟನ್ ಒತ್ತಿದೆ.
ರಿಜಿಸ್ಟರು ತೆರೆಯಿತು.
ಸದ್ದೇ ಇಲ್ಲ, ಆದರೂ ಸರಕ್ಕೆಂದಿತು ಅಂತ
ಆಮೇಲೆ ಒಬ್ಬರು ಹೇಳಿದರು.
ನಂಬರು ಒಂದು, ಯಮುನಾ, ವಯಸ್ಸು ಆರು,
ತಂದೆಯ ಕಸುಬು ಟಾಂಗಾ.
ನಂಬರು ಎರಡು, ಮೂರು... ಮೋಡಿ ಹಿಡಿದ ಕೈಬರಹ,
ಹನ್ನೆರಡಕ್ಕೆ ಪುಟ ಮುಗಿಯಿತು. ಚಪ್ಪಾಳೆ.

ಮುಂದಿನ ಸಾಲಿನಲ್ಲಿ ಒಬ್ಬ ಮುದುಕಿ,
ಒಂಬತ್ತು ವಾರಿಯ ಸೀರೆ, ಮೊಮ್ಮಗಳ ಸ್ವೆಟರು,
ಬೆರಳನ್ನು ನಾಲಗೆಗೆ ತಾಗಿಸಿ
ಗಾಳಿಯಲ್ಲೇ ಹಿಡಿದಿದ್ದರು.
ಪುಢಚಂ ಪಾನ? ಅಂದರು. ಮುಂದಿನ ಪುಟ?
‘ನಾನು ಹದಿನಾಲ್ಕು.’

ನನ್ನ ಹತ್ತಿರ ಇದ್ದದ್ದು ಎರಡೇ ಫೋಟೊ.
ಏನು ಮಾಡಲಿ, ಹಿಂದಕ್ಕೆ ಒತ್ತಿದೆ, ಮತ್ತೆ ಮುಂದಕ್ಕೆ.
ರಿಜಿಸ್ಟರು ಮುಚ್ಚಿ ಮತ್ತೆ ತೆರೆಯಿತು,
ಮತ್ತೆ ಯಮುನಾ, ಮತ್ತೆ ಟಾಂಗಾ.
ಹೆಸರುಗಳ ಹಿಂದೆ ನಾನೇ ಎಳೆದ ಖಾಲಿ ಹಾಳೆ
ಕೂದಲಷ್ಟು ಎದ್ದಿತು.
ಮುದುಕಿ ಮುಂದಕ್ಕೆ ಬಾಗಿದರು.
ಮಲಗಿತು.